ಕೊಟ್ಟಿಗೆಯಲ್ಲಿ ನಿಂತ ಸ್ಕೂಟರು

(ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ ಹಳೆಯ ಗಾಡಿಗಳ ಬಗ್ಗೆ ಆಸಕ್ತಿಯುಳ್ಳವರ ಮುಂದೆ ಆಡಿದ ಮಾತುಗಳ ಬರಹರೂಪ)



ಹಳೆಯ ಸ್ಕೂಟರನ್ನು ಮನೆಯಲ್ಲೇ ಸರಿಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಇವತ್ತಿನ ಮಾತನ್ನು ನಾನು ಬಹುಪಾಲು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚಿನ ದಿನಗಳಿಗೇ ಮೀಸಲಿಡುತ್ತೇನೆ. ನಾನು ಕಂಡ ಮಟ್ಟಿಗೆ, ತುಕ್ಕು ಹಿಡಿದು ಹಾಳಾದ ಸ್ಕೂಟರುಗಳಿಗಿಂತ ಉತ್ಸಾಹದಿಂದ ಬಿಚ್ಚಿ, ಮತ್ತೆ ಜೋಡಿಸಲಾರದೆ ಗುಜರಿಗೆ ಹೋದ ಸ್ಕೂಟರುಗಳೇ ಹೆಚ್ಚು. ಇಪ್ಪತ್ತು ವರ್ಷ ಹುಲ್ಲಿನ ಪಕ್ಕ ನಿಂತಿದ್ದರೂ ಅದು ಗಾಡಿಯೇ. ಒಂದು ಭಾನುವಾರ ಬಿಚ್ಚಿ ನಾಲ್ಕು ಗೋಣಿಚೀಲಕ್ಕೆ ತುಂಬಿಟ್ಟಿರೋ, ಮುಂದಿನ ದೀಪಾವಳಿಗೆ ಮನೆ ಗುಡಿಸುವವರು ಅದನ್ನು ತೂಕಕ್ಕೆ ಹಾಕಿಬಿಡುತ್ತಾರೆ. ಅವರದೂ ತಪ್ಪಲ್ಲ.

ಮೊದಲು ಈ ಗಾಡಿ ಹುಟ್ಟಿದ್ದು ಹೇಗೆಂದು ನೋಡೋಣ. ಇದು ಕಾಲಕ್ಷೇಪದ ಚರಿತ್ರೆಯಲ್ಲ. ಕೊಟ್ಟಿಗೆಯಲ್ಲಿ ಟಾರ್ಚು ಹಿಡಿದು ಮೊದಲು ಎಲ್ಲಿ ಬಗ್ಗಿ ನೋಡಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೊ ಎಂಬ ವಿಮಾನ ತಯಾರಕರ ಪೊಂಟೆಡೆರಾ ಕಾರ್ಖಾನೆ ಬಾಂಬಿಗೆ ತುತ್ತಾಗಿ ನಿಂತಿತ್ತು. ವಿಮಾನಕ್ಕೆ ಗಿರಾಕಿಯಿಲ್ಲ, ಜನಕ್ಕೆ ಓಡಾಡಲು ಅಗ್ಗದ ವಾಹನ ಬೇಕು. ಕೊರಾಡಿನೊ ಡಿ'ಅಸ್ಕಾನಿಯೊ ಎಂಬ ಎಂಜಿನಿಯರಿಗೆ ಆ ಕೆಲಸ ಒಪ್ಪಿಸಿದರು. ಆತ ಹೆಲಿಕಾಪ್ಟರ್ ವಿನ್ಯಾಸ ಮಾಡಿದವನು, ಮೋಟಾರ್ ಸೈಕಲ್ ಎಂದರೆ ಅವನಿಗೆ ಆಗುತ್ತಿರಲಿಲ್ಲ. ಆದ್ದರಿಂದ ಸೈಕಲ್ಲಿನಂಥ ಚೌಕಟ್ಟನ್ನೇ ಬಿಟ್ಟು, ವಿಮಾನದ ಮೈಯಂತೆ ಒತ್ತಿದ ತಗಡೇ ಭಾರ ಹೊರುವ ಹಾಗೆ ಮಾಡಿದ. ಮುಂದಿನ ಚಕ್ರವನ್ನು ಒಂದೇ ಪಕ್ಕದ ತೋಳಿಗೆ ಸಿಕ್ಕಿಸಿದ. ಎಂಜಿನ್ನನ್ನು ಬಲಗಡೆ, ಹಿಂದಿನ ಚಕ್ರದ ಪಕ್ಕಕ್ಕೇ ಕೂಡಿಸಿ ಚೈನಿನ ಗೊಡವೆ ತಪ್ಪಿಸಿದ. 1946ರಲ್ಲಿ ಬಂದ ಆ ಗಾಡಿಯ ಹೆಸರು ವೆಸ್ಪಾ; ಇಟಲಿಯ ಮಾತಿನಲ್ಲಿ ಕಡಜ. ಮರುವರ್ಷ ಮಿಲಾನಿನ ಲಂಬ್ರಾತೆ ಎಂಬ ಬಡಾವಣೆಯಿಂದ ಇನ್ನೊಂದು ಬಂತು, ಲ್ಯಾಂಬ್ರೆಟ್ಟಾ. ಅದರ ಧಣಿ ಫರ್ಡಿನಾಂಡೊ ಇನೊಚೆಂಟಿ ಉಕ್ಕಿನ ಕೊಳವೆಗಳ ವ್ಯಾಪಾರಿ. ಹಾಗಾಗಿ ಅವನ ಗಾಡಿಯ ಬೆನ್ನೆಲುಬು ಕೊಳವೆ. ತಗಡುಗಳೆಲ್ಲ ಅದಕ್ಕೆ ಬೋಲ್ಟು ಹಾಕಿ ಕೂಡಿಸಿದ ಹೊದಿಕೆ.

ಈ ಎರಡು ವಂಶಗಳೂ ನಮ್ಮ ದೇಶಕ್ಕೆ ಬಂದವು. ಲ್ಯಾಂಬ್ರೆಟ್ಟಾವನ್ನು ಮುಂಬೈಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1950ರ ದಶಕದಿಂದ ತಯಾರಿಸಿತು. ಆಮೇಲೆ ಇನೊಚೆಂಟಿಯ ಯಂತ್ರಗಳನ್ನೇ ಭಾರತ ಸರ್ಕಾರ ಕೊಂಡು 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು. ವಿಜಯ್ ಸೂಪರ್ ಅಲ್ಲಿನದು. ವೆಸ್ಪಾವನ್ನು ಪುಣೆಯ ಬಜಾಜ್ ಆಟೊ 1960ರ ದಶಕದಲ್ಲಿ ಪಿಯಾಜಿಯೊ ಪರವಾನಗಿಯ ಮೇಲೆ ಮಾಡುತ್ತಿತ್ತು. 1971ರಲ್ಲಿ ಆ ಒಪ್ಪಂದ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಬಂತು. ಹೆಸರು ರಜಪೂತರದಾದರೂ ಮೈಕಟ್ಟು ವೆಸ್ಪಾದ್ದೇ.

ಹಾಗಾದರೆ ನಿಮ್ಮ ಮನೆಯಲ್ಲಿರುವುದು ಯಾವ ವಂಶದ್ದು? ಲ್ಯಾಂಬ್ರೆಟ್ಟಾ, ವಿಜಯ್ ಸೂಪರ್ ಆಗಿದ್ದರೆ ಪಕ್ಕದ ತಗಡು ತೂತಾದರೂ ಕೊಳವೆ ಗಟ್ಟಿಯಿದ್ದರೆ ಗಾಡಿ ಗಟ್ಟಿ. ಬಜಾಜ್ 150, ಚೇತಕ್ ಆಗಿದ್ದರೆ ತಗಡೇ ಬೆನ್ನೆಲುಬು. ಕಾಲಿಡುವ ಹಲಗೆಯ ಮೇಲೆ ಹಾಸಿದ ರಬ್ಬರ್ ಮ್ಯಾಟಿನ ಕೆಳಗೆ ಮಳೆಗಾಲದ ನೀರು ವರ್ಷಗಟ್ಟಲೆ ಕುಳಿತು ತಿಂದಿರುತ್ತದೆ. ಮೇಲೆ ಬಣ್ಣ ಚೆನ್ನಾಗಿ ಕಾಣಬಹುದು. ಗಾಡಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಅಡಿಯಿಂದ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಅಂಗುಲ ಅಂಗುಲಕ್ಕೂ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಕೊಳೆತದ್ದು, ಅಥವಾ ಹಿಂದೆ ಯಾರೋ ಪಟ್ಟಿ ಮೆತ್ತಿ ಮುಚ್ಚಿದ್ದು, ಮಡಕೆ ಒಡೆದ ಹಾಗೆ ಡಬ್ ಎನ್ನುತ್ತದೆ. ಈ ಒಂದು ಪರೀಕ್ಷೆಯ ಮೇಲೆ ನಿಮ್ಮ ಲೆಕ್ಕದ ಪುಸ್ತಕದ ಅರ್ಧ ನಿಂತಿದೆ.

ಇನ್ನು ಈ ಗಾಡಿಯನ್ನು ಏತಕ್ಕಾಗಿ ಉಳಿಸಬೇಕು ಎಂಬ ಪ್ರಶ್ನೆ. ಇಂದಿನ ಹುಡುಗರಿಗೆ ಹೇಳಿದರೆ ನಂಬುವುದು ಕಷ್ಟ, ಒಂದು ಕಾಲದಲ್ಲಿ ಸ್ಕೂಟರನ್ನು ಅಂಗಡಿಗೆ ಹೋಗಿ ಕೊಳ್ಳಲು ಆಗುತ್ತಿರಲಿಲ್ಲ. ಎಷ್ಟು ತಯಾರಿಸಬೇಕೆಂಬುದನ್ನು ಸರ್ಕಾರದ ಪರವಾನಗಿ ನಿರ್ಧರಿಸುತ್ತಿತ್ತು. ಮುಂಗಡ ಕಟ್ಟಿ ಹೆಸರು ಬರೆಸಿ ಕಾಯಬೇಕು. 1970ರ ದಶಕದಲ್ಲಿ ಬಜಾಜ್‌ಗಾಗಿ ಹತ್ತು ವರ್ಷದವರೆಗೆ ಕಾದವರೂ ಉಂಟು. ವಿದೇಶದ ನೆಂಟರು ಡಾಲರು ಕಳಿಸಿದರೆ ಬೇಗ ಸಿಗುವ ಇನ್ನೊಂದು ಬಾಗಿಲೂ ಇತ್ತು. ಬಂದ ಗಾಡಿಯನ್ನು ಹಾಗೇ ಹೆಚ್ಚಿನ ಬೆಲೆಗೆ ಮಾರಿ ಲಾಭ ಮಾಡಿಕೊಂಡವರೂ ಇದ್ದರು. ಹೀಗೆ ಕಾದು ತಂದ ಗಾಡಿಯ ಮೇಲೆ ಮುಂದೆ ಒಂದು ಮಗು ನಿಂತು, ಹಿಂದೆ ಹೆಂಡತಿ ಮಡಿಲಲ್ಲಿ ಇನ್ನೊಂದನ್ನು ಹಿಡಿದು, ಸ್ಟೆಪ್ನಿಯ ಮೇಲೆ ತರಕಾರಿ ಚೀಲ ಕಟ್ಟಿಕೊಂಡು ಸಂಸಾರ ಸಂಸಾರವೇ ಸಾಗುತ್ತಿತ್ತು. ಮೇಷ್ಟ್ರು, ಗ್ರಾಮಸೇವಕರು, ಬ್ಯಾಂಕಿನ ಗುಮಾಸ್ತರು, ಎರಡು ಎಕರೆ ಕಬ್ಬಿನ ಹಣ ಕೈಗೆ ಬಂದ ರೈತರು, ಇವರ ಗಾಡಿ ಅದು. ಬಜಾಜ್ 2009ರ ಕೊನೆಯಲ್ಲಿ ಸ್ಕೂಟರ್ ತಯಾರಿಕೆಯನ್ನೇ ಬಿಡುವುದಾಗಿ ಸಾರಿತು. 2020ರಲ್ಲಿ ಚೇತಕ್ ಎಂಬ ಹೆಸರು ಮರಳಿ ಬಂತು, ಬ್ಯಾಟರಿಯ ಗಾಡಿಗೆ.

ಮೈಸೂರು ಸೀಮೆಯವರಾದ ನಮಗೆ ಇನ್ನೊಂದು ಅನುಕೂಲವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಎರಡು ಸ್ಟ್ರೋಕಿನ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಗಾಡಿ ಬೇರೆಯಾದರೂ ಎಂಜಿನ್ನಿನ ಜಾತಿ ಒಂದೇ. ಆ ಜಾತಿಯ ಎಂಜಿನ್ನಿನ ನಾಡಿ ಬಲ್ಲ ಮೇಸ್ತ್ರಿಗಳು ಮೈಸೂರಿನಲ್ಲಿ ಇನ್ನೂ ಸಿಗುವುದಕ್ಕೆ ಅದೂ ಒಂದು ಕಾರಣವೆಂದು ನನ್ನ ಎಣಿಕೆ. ಅವರೆಲ್ಲ ವಯಸ್ಸಾದವರು. ನಿಮ್ಮ ಯೋಜನೆಗೆ ಆತುರವೇನಾದರೂ ಇದ್ದರೆ ಅದು ಬಣ್ಣಕ್ಕಲ್ಲ, ಅವರಿಗಾಗಿ.

ಇಲ್ಲಿಯೇ ಒಂದು ಮನೆಯಲ್ಲಿ 1974ರ ಚೇತಕ್ ಒಂದನ್ನು ನೋಡಿದೆ. ತೀರಿಕೊಂಡ ಯಜಮಾನರದು. ಮಗನಿಗೆ ಅದನ್ನು ಉಜ್ಜಿ, ಹೊಳೆಯುವ ಕೆಂಪು ಬಣ್ಣ ಹೊಡೆಸಿ, ತನ್ನ ಮದುವೆಯ ಫೋಟೊಗೆ ನಿಲ್ಲಿಸಬೇಕೆಂಬ ಆಸೆ. ಎಡಗಡೆಯ ಡಿಕ್ಕಿಯ ಮುಚ್ಚಳ ತೆಗೆದು ತೋರಿಸುತ್ತಿದ್ದ. ಒಳಗಡೆ ಪೆನ್ಸಿಲಿನಲ್ಲಿ ಸಾಲು ಸಾಲಾಗಿ ತಾರೀಖುಗಳು: ಗೇರ್ ಆಯಿಲ್ ಬದಲಿಸಿದ್ದು, ಪ್ಲಗ್ ಹಾಕಿಸಿದ್ದು, ನಡುವೆ ಎಲ್ಲೋ ಯಾರಿಗೋ ಕೊಟ್ಟ ಬಿತ್ತನೆ ಭತ್ತದ ಲೆಕ್ಕ. ಪಕ್ಕದಲ್ಲಿ ನಿಂತಿದ್ದ ತಾಯಿ ಅಂದರು: "ಏನ್ ಬೇಕಾದ್ರೂ ಮಾಡ್ಕಳ್ಲಾ, ಆ ಮುಚ್ಚಳದ ಒಳಗಡೆ ಮಾತ್ರ ಬಣ್ಣ ಬಳೀಬ್ಯಾಡ. ಅದು ನಿಮ್ಮಪ್ಪಾಜಿ ಬರ್ದಿರಾದು."

ಆ ಹುಡುಗ ಸುಮ್ಮನಾದ. ಯೋಜನೆ ಅಂದರೆ ನನ್ನ ಪ್ರಕಾರ ಆ ತಾಯಿ ಹೇಳಿದ ಮಾತೇ. ಏನನ್ನು ಬದಲಿಸಬೇಕು ಎಂಬ ಪಟ್ಟಿ ತಾನಾಗಿಯೇ ಬೆಳೆಯುತ್ತದೆ, ಮೇಸ್ತ್ರಿ ಬೆಳೆಸುತ್ತಾನೆ, ಬಿಡಿಭಾಗದ ಅಂಗಡಿಯವನು ಬೆಳೆಸುತ್ತಾನೆ. ಏನನ್ನು ಮುಟ್ಟಬಾರದು ಎಂಬ ಪಟ್ಟಿಯನ್ನು ಮನೆಯವರೇ ಕುಳಿತು ಬರೆಯಬೇಕು, ಅದೂ ಮೊದಲೇ. ಹಳೆಯ ನಂಬರ್ ಪ್ಲೇಟನ್ನೇ ನೋಡಿ. 1989ರ ಮೊದಲು ನಮ್ಮಲ್ಲಿ ಕೆ.ಎ. ಇರಲಿಲ್ಲ, ಎಂ.ವೈ. ಎಂದೋ ಸಿ.ಎ. ಎಂದೋ ಶುರುವಾಗುತ್ತಿತ್ತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು ಕೂಡ ಆ ತಗಡಿನ ಚೂರಿನಲ್ಲಿ ಉಳಿದಿದೆ. ಅದು ಒಂದು ಸಣ್ಣ ಶಾಸನ. ಅದನ್ನು ಕೆರೆದು ಫ್ಯಾನ್ಸಿ ಅಕ್ಷರ ಬರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಣ್ಣದ ಬಗ್ಗೆ ಎರಡು ಮಾತು ಹೆಚ್ಚೇ ಹೇಳುತ್ತೇನೆ, ಕ್ಷಮಿಸಿ. ಭಾರತದಿಂದಲೂ ವಿಯೆಟ್ನಾಮಿನಿಂದಲೂ ಯೂರೋಪಿಗೆ, ಅಮೆರಿಕಕ್ಕೆ ಹೋದ ಎಷ್ಟೋ ಹಳೆಯ ವೆಸ್ಪಾಗಳಿಗೆ ಅಲ್ಲಿ ಕೆಟ್ಟ ಹೆಸರಿದೆ. ಮೂರು ಗಾಡಿಗಳ ತುಂಡು ಸೇರಿಸಿ, ಬೆರಳು ದಪ್ಪ ಪಟ್ಟಿ ಮೆತ್ತಿ, ಮೇಲೆ ಎರಡು ಬಣ್ಣ ಹೊಡೆದು ಕಳಿಸಿದವು. ನೋಡಲು ಮದುಮಗಳಂತೆ, ಮೊದಲ ಗುಂಡಿಗೆ ಬಿರುಕು. ಮನೆಯ ಗಾಡಿಗೆ ಆ ಗತಿ ತರಬೇಡಿ. ಹಳೆಯ ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಸೋಪಿನ ನೀರಿನಲ್ಲಿ ತೊಳೆದು, ಪಾಲಿಶ್ ಹಚ್ಚಿ, ತುಕ್ಕಿನ ಜಾಗಕ್ಕಷ್ಟೇ ಪ್ರೈಮರ್ ಕೊಟ್ಟು ಬಿಡಿ. ಉಜ್ಜಲೇಬೇಕಾದರೆ ನೀರು ಹಾಕಿ ಉಜ್ಜಿ. ಆ ಕಾಲದ ಬಣ್ಣದಲ್ಲಿ ಸೀಸ ಇದ್ದಿರಬಹುದು, ಒಣ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಬ್ರೇಕ್ ಡ್ರಮ್ಮಿನ ಧೂಳನ್ನೂ ಬಾಯಲ್ಲಿ ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಕಾಲವೂ ಮುಖ್ಯ. ನದಿಯೂ ಗದ್ದೆಯೂ ಇರುವ ಈ ಸೀಮೆಯಲ್ಲಿ ಮುಂಗಾರು ಹಿಡಿದ ಮೇಲೆ ಬರಿಮೈ ತಗಡಿಗೆ ರಾತ್ರಿ ಕಳೆಯುವುದರೊಳಗೆ ಕೆಂಪು ಏರುತ್ತದೆ. ಸಂಕ್ರಾಂತಿ ಕಳೆದು ಯುಗಾದಿಯವರೆಗಿನ ದಿನಗಳು ಬಾಡಿ ಕೆಲಸಕ್ಕೆ ಹೇಳಿಸಿದವು. ಬೆಳಿಗ್ಗೆ ಉಜ್ಜಿದ ಜಾಗಕ್ಕೆ ಸಂಜೆಯೊಳಗೆ ಪ್ರೈಮರ್ ಬೀಳಬೇಕು. ಅಷ್ಟು ಆಗದಿದ್ದರೆ ಅಷ್ಟು ಜಾಗ ಉಜ್ಜಲೇಬೇಡಿ. ಎಂಜಿನ್ ಕೆಲಸವನ್ನು ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು ಮಾಡಬಹುದು.

ಈಗ ಬಿಚ್ಚುವ ವಿಚಾರ. ಇಲ್ಲಿಗೆ ಹತ್ತಿರದ ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಸ್ಥಾನವಿದೆಯಲ್ಲ, ಚೋಳರನ್ನು ಗೆದ್ದ ಮೇಲೆ ವಿಷ್ಣುವರ್ಧನ 1117ರ ಸುಮಾರಿಗೆ ಕಟ್ಟಿಸಿದ್ದು. ಪುರಾತತ್ವ ಇಲಾಖೆಯವರು ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಿದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಇಂಥ ಕೆಲಸದಲ್ಲಿ ನಕ್ಷೆ ಬರೆಯದೆ, ಫೋಟೊ ತೆಗೆಯದೆ, ಸಂಖ್ಯೆ ಹಾಕದೆ ಒಂದು ಕಲ್ಲನ್ನೂ ಕದಲಿಸುವುದಿಲ್ಲ. ಸ್ಕೂಟರಿಗೂ ಅದೇ ಶಿಸ್ತು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಪ್ರತಿ ಭಾಗವನ್ನೂ ಬಿಚ್ಚುವ ಮುಂಚೆ, ಬಿಚ್ಚುವಾಗ, ಬಿಚ್ಚಿದ ಮೇಲೆ ಫೋಟೊ ತೆಗೆಯಿರಿ. ಗೇರಿನ ಎರಡು ಕೇಬಲ್, ಕ್ಲಚ್ ಕೇಬಲ್, ಬ್ರೇಕ್ ಕೇಬಲ್ ಬಾಡಿಯ ಒಳಗೆ ಯಾವ ದಾರಿಯಲ್ಲಿ ಹಾದಿವೆ ಎಂಬುದು ಒಮ್ಮೆ ಮರೆತರೆ ಮತ್ತೆ ಸಿಗುವುದಿಲ್ಲ. ಹಳೆಯದನ್ನು ಎಳೆಯುವಾಗಲೇ ಅದರ ತುದಿಗೆ ಗಟ್ಟಿ ದಾರ ಕಟ್ಟಿ. ಹಳೆಯದು ಹೊರಬಂದಾಗ ದಾರ ಒಳಗೆ ಉಳಿಯುತ್ತದೆ, ಹೊಸದನ್ನು ಅದೇ ಎಳೆದುಕೊಂಡು ಹೋಗುತ್ತದೆ. ಬಿಚ್ಚಿದ ನಟ್ಟು ಬೋಲ್ಟುಗಳು ಬೇರೆ ಬೇರೆ ಡಬ್ಬಿಗೆ ಹೋಗಬೇಕು, ಡಬ್ಬಿಯ ಮೇಲೆ ಚೀಟಿ ಇರಬೇಕು. ಒಂದು ಭಾಗವನ್ನು ಮುಗಿಸಿ ಕೂಡಿಸಿದ ಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಿದರೆ ಗೋಣಿಚೀಲದ ಗತಿ ಬರುವುದಿಲ್ಲ.

ಎಂಜಿನ್ ಹಿಡಿದುಕೊಂಡಿದ್ದರೆ ಕಿಕ್ಕರ್ ಮೇಲೆ ಹತ್ತಿ ನಿಂತು ಶಕ್ತಿ ತೋರಿಸಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಡೀಸೆಲ್ಲು ಎಂಜಿನ್ ಆಯಿಲ್ಲು ಬೆರೆಸಿ ಬಿಡಿ. ಎರಡು ಮೂರು ದಿನ ಸುಮ್ಮನಿರಿ. ಆಮೇಲೆ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ.

ಸರಿ, ಅದು ಬಿಟ್ಟುಕೊಂಡಿತು, ಹೊಗೆ ಬಿಟ್ಟು ಶುರುವೂ ಆಯಿತು ಎನ್ನಿ. ಬಹಳ ಜನ ಅಲ್ಲಿಗೆ ಗೆದ್ದೆವೆಂದು ತಿಳಿಯುತ್ತಾರೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು, ಆಯಿಲು, ಗಾಳಿ ಮೂರೂ ಸೇರಿ ಮೊದಲು ಕ್ರ್ಯಾಂಕಿನ ಕೋಣೆಗೆ ಹೋಗಿ, ಅಲ್ಲಿಂದ ಮೇಲೆ ಏರುತ್ತವೆ. ಆ ಕೋಣೆಯ ಎರಡು ಪಕ್ಕಕ್ಕೂ ರಬ್ಬರಿನ ಆಯಿಲ್ ಸೀಲುಗಳಿವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಗಟ್ಟಿಯಾಗಿರುತ್ತವೆ. ಒಂದು ಪಕ್ಕದ ಸೀಲು ಬಿಟ್ಟರೆ ಗೇರ್ ಆಯಿಲನ್ನು ಒಳಕ್ಕೆ ಎಳೆದು ಬೆಳ್ಳನೆಯ ಹೊಗೆ ಉಗುಳುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಪಕ್ಕದ್ದು ಬಿಟ್ಟರೆ ಕಾಣದ ಹಾಗೆ ಹೆಚ್ಚಿನ ಗಾಳಿ ನುಗ್ಗುತ್ತದೆ. ಪೆಟ್ರೋಲು ತೆಳುವಾಗುತ್ತದೆ, ಅದರೊಡನೆ ಬರುವ ಆಯಿಲೂ ಕಡಿಮೆ. ಗಾಡಿ ಹಗುರವಾಗಿ ಚುರುಕಾಗಿ ಓಡಿದಂತೆ ಅನ್ನಿಸಿ, ಕಾದು, ನಡುರಸ್ತೆಯಲ್ಲಿ ಪಿಸ್ಟನ್ ಹಿಡಿದು ಹಿಂದಿನ ಚಕ್ರ ನಿಂತುಬಿಡುತ್ತದೆ. ಆದ್ದರಿಂದ ಶುರುವಾದ ಎಂಜಿನ್ನಿಗೂ ಸೀಲು, ಬೇರಿಂಗು ಬದಲಿಸುವ ಖರ್ಚನ್ನು ಮೊದಲೇ ಪುಸ್ತಕದಲ್ಲಿ ಬರೆದುಕೊಳ್ಳಿ. ಎಷ್ಟಾಗುತ್ತದೆ ಎಂದು ಮೈಸೂರಿನಲ್ಲಿ ಕೇಳಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲೂ ಕೇಳಿ. ಕೊಳ್ಳುವಾಗ ಹಳೆಯ ಭಾಗವನ್ನು ಜೊತೆಯಲ್ಲೇ ಒಯ್ಯಿರಿ. ಖರ್ಚಿನ ಸರದಿ ಹೀಗಿರಲಿ: ಎಂಜಿನ್, ಬ್ರೇಕು, ಟೈರು, ವೈರಿಂಗು, ಕೊನೆಗೆ ಬಣ್ಣ. ಬಣ್ಣ ಮೊದಲಾದರೆ ಬ್ರೇಕಿಗೆ ದುಡ್ಡು ಉಳಿಯುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕಂಕಿಯ ಈ ಗುರುತು ಇಲ್ಲದಷ್ಟು ಹಳೆಯ ಟೈರಾದರೆ ಹೂಜಿ ಇಡಲು ಬಳಸಿ. ಈ ಗಾಡಿಗಳ ರಿಮ್ಮು ಎರಡು ಹೋಳು ಸೇರಿಸಿ ನಟ್ಟು ಹಾಕಿದ್ದು. ಗಾಳಿ ಪೂರ್ತಿ ತೆಗೆಯದೆ ಆ ನಟ್ಟು ಸಡಿಲಿಸಿದರೆ ರಿಮ್ಮು ಹಾರಿ ಮುಖಕ್ಕೆ ಬಡಿಯುತ್ತದೆ. ಮಕ್ಕಳು ಸುತ್ತ ನಿಂತಿರುವಾಗ ಈ ಕೆಲಸ ಬೇಡ.

ಪೆಟ್ರೋಲಿನದು ಹೊಸ ಸಮಸ್ಯೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಯತೊಡಗಿದೆ. ಕಬ್ಬು ಬೆಳೆಯುವವರಿಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಪೈಪನ್ನು ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿ. ಗಾಡಿಯನ್ನು ಕೆಲವು ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಇರುವುದು ಉರಿದು ಎಂಜಿನ್ ತಾನಾಗಿ ಆರುವವರೆಗೆ ಬಿಡಿ.

ಕಾಗದಪತ್ರಗಳ ವಿಷಯವನ್ನು ಎಲ್ಲರೂ ಕೊನೆಗೆ ನೂಕುತ್ತಾರೆ. ಅದನ್ನು ಮೊದಲ ವಾರದಲ್ಲೇ ಮಾಡಿ. ಆರ್‌.ಸಿ. ಹುಡುಕಿ. ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಚೇತಕ್‌ನಲ್ಲಿ ಚಾಸಿ ನಂಬರನ್ನು ಬಾಡಿಯ ತಗಡಿನ ಮೇಲೇ ಗುದ್ದಿರುತ್ತಾರೆ. ಟಿಂಕರಿಂಗ್ ಮಾಡುವವನು ಅದನ್ನು ಉಜ್ಜಿಬಿಟ್ಟರೆ, ಪಟ್ಟಿ ಮೆತ್ತಿಬಿಟ್ಟರೆ, ಕಾನೂನಿನ ಕಣ್ಣಿನಲ್ಲಿ ನಿಮ್ಮ ಗಾಡಿಗೆ ಗುರುತೇ ಇಲ್ಲ. ಆ ಜಾಗಕ್ಕೆ ಟೇಪು ಅಂಟಿಸಿ ಕೊಡಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ಫಾರಂ 25. ಯಜಮಾನರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ತಡವಾದದ್ದಕ್ಕೆ ದಂಡ ಬೀಳುತ್ತದೆ, ಎಷ್ಟೆಂದು ಸಾರಿಗೆ ಕಚೇರಿಯಲ್ಲೇ ಕೇಳಿ. ಅಣ್ಣತಮ್ಮಂದಿರಿದ್ದರೆ ಯಾರ ಹೆಸರಿಗೆ ಎಂಬುದನ್ನು ಗಾಡಿ ಹೊಳೆಯುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಹೊಳೆದ ಮೇಲೆ ಪಾಲು ಕೇಳುವವರು ಹೆಚ್ಚು.

ಐವತ್ತು ವರ್ಷ ದಾಟಿದ ಗಾಡಿಗೆ ಇನ್ನೊಂದು ದಾರಿಯಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆಂದೇ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮತ್ತೆ ಮಾಡಿಸಲು 5,000; ನಂಬರಿನಲ್ಲಿ ವಿ.ಎ. ಎಂಬ ಅಕ್ಷರ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಇಂಥವಕ್ಕೆ ಮಾತ್ರ. ಇನ್ನೊಂದು ಷರತ್ತು, ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಕಾಲಹಲಗೆಯ ಒಂದು ಮೂಲೆಗೆ ಅಚ್ಚುಕಟ್ಟಾಗಿ ತಗಡು ಬೆಸೆಯುವುದಕ್ಕೂ, ಇನ್ನೊಂದು ಗಾಡಿಯ ಬಾಡಿಯನ್ನೇ ತಂದು ನಂಬರು ಗುದ್ದುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಎರಡನೆಯದು ಅಪರಾಧ. ತಿ. ನರಸೀಪುರದ ಸಂತೆಗೆ ಹೋಗಿ ಬರಲು ಗಾಡಿ ಬೇಕೆನ್ನುವವರು ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಳ್ಳಿ.

ಎಲ್ಲ ಮುಗಿದು ಗಾಡಿ ಹೊರಬಂದ ದಿನ ಮೊದಲ ಟ್ಯಾಂಕಿಗೆ ಆಯಿಲು ಕೊಂಚ ಧಾರಾಳವಾಗಿರಲಿ. ಆಮೇಲೆ ನಿಮ್ಮ ಮಾಡೆಲಿನ ಕೈಪಿಡಿ ಹೇಳುವ ಅಳತೆಗೇ ಬನ್ನಿ. ಶೇ 2 ಎಂದಿದ್ದರೆ ಲೀಟರಿಗೆ 20 ಮಿಲಿ. ಮೊದಲ ದಿನವೇ ಇಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸಬೇಡಿ. ಊರಾಚೆ ಹತ್ತು ಕಿಲೋಮೀಟರ್ ಹೋಗಿ, ನಿಲ್ಲಿಸಿ, ಆರಲು ಬಿಟ್ಟು, ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಹುರಿದ ಕಾಫಿಬೀಜದ ಬಣ್ಣವಿದ್ದರೆ ಮನೆಗೆ ಅದರಲ್ಲೇ ಬನ್ನಿ. ಕಪ್ಪಗೆ ಎಣ್ಣೆಯೆಣ್ಣೆಯಾಗಿದ್ದರೆ ಒರೆಸಿ ಹಾಕಿ, ಕಾರ್ಬ್ಯುರೇಟರನ್ನು ನಾಳೆ ನೋಡಿಕೊಳ್ಳಬಹುದು. ಬೆಳ್ಳಗೆ ಸುಣ್ಣದ ಹಾಗಿದ್ದರೆ ಮತ್ತೆ ಕಿಕ್ ಹೊಡೆಯಬೇಡಿ. ಎಲ್ಲೋ ಗಾಳಿ ಸೇರುತ್ತಿದೆ, ತಳ್ಳಿಕೊಂಡೇ ಬನ್ನಿ.